ನಾಳೆ ಬಾ!

1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸು ಹೋಗಲಿ ಅಂತ! ಬಾಗಿಲ ಮೇಲಿನ ಬರಹ ಅಳಿಸಿತು. ಕಚೇರಿಗಳ ಬಾಯಲ್ಲಿ ಮಾತ್ರ ಆ ಮಾತು ಇನ್ನೂ ಉಳಿದಿದೆ. ದೆವ್ವದ ಜಾಗದಲ್ಲಿ ಈಗ ಅರ್ಜಿ ಹಿಡಿದ ಬಡಪಾಯಿ.

ಮರಳೂರಿನ ಕಿರಾಣಿ ಅಂಗಡಿಯವನೊಬ್ಬ ಖಾತೆ ನಕಲಿಗೆ ಹೊರಟ ಅನ್ನಿ. ಷಟರ್ ಎಳೆದು, ಬಸ್ಸು ಹಿಡಿದು, ಹತ್ತು ಗಂಟೆಗೆ ಹಾಜರ್. ಕುರ್ಚಿಯಲ್ಲಿ ಟವೆಲ್ಲಿದೆ, ಸಾಹೇಬರಿಲ್ಲ. 'ಟೀಗೆ ಹೋಗವ್ರೆ, ಕೂತಿರಿ.' ಹನ್ನೊಂದೂವರೆಗೆ ಬಂದವರು ಫೈಲು ಹುಡುಕುವಷ್ಟರಲ್ಲಿ ಊಟದ ಹೊತ್ತು. 'ನಾಳೆ ಬನ್ನಿ.' ಸಾಹೇಬರು ತಡವಾದದ್ದು ಒಂದೂವರೆ ಗಂಟೆ. ಅಂಗಡಿಯವನಿಗೆ ಹೋದದ್ದು ಅರ್ಧ ದಿನದ ವ್ಯಾಪಾರ. ಕೂಲಿಯವನಾದರೆ ದಿನದ ಕೂಲಿಯೇ ಹೋಯಿತು.

ಕಾನೂನು ಇಲ್ಲವೇ? ಇದೆ. 2011ರ ಸಕಾಲ ಕಾಯ್ದೆ 2012ರಲ್ಲಿ ಜಾರಿಗೆ ಬಂತು. ಇಂಥ ಸೇವೆಗೆ ಇಷ್ಟು ದಿನ ಎಂಬ ಗಡುವು. ತಪ್ಪಿದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ವ್ಯಾಪಾರಸ್ಥರಿಗೆ ಲೆಕ್ಕ ಹೇಳಿಕೊಡಬೇಕೇ? 25 ದಿನಕ್ಕೆ 500 ಮುಗಿಯಿತು. 26ನೇ ದಿನದಿಂದ ವಿಳಂಬ ಪುಕ್ಕಟೆ! ಆ 20 ರೂಪಾಯಿ ಬಸ್ಸಿಗೆ, ಕಾಫಿಗೆ ಸಾಲದು.

ಹೆಬ್ಬೆಟ್ಟು ಒತ್ತುವ ಹಾಜರಾತಿ ಯಂತ್ರ ಆಳು ಬಂದದ್ದನ್ನು ಹೇಳುತ್ತದೆ, ಕೆಲಸ ಆದದ್ದನ್ನು ಹೇಳುವುದಿಲ್ಲ. ಬೇಕಾದದ್ದು ಅಭ್ಯಾಸ. ಬೆಳಿಗ್ಗೆ ಬಂದೊಡನೆ ಹಳೇ ಅರ್ಜಿ ಮೊದಲು ಬಿಚ್ಚಲಿ. ಟೀಗೆ ಒಬ್ಬರು ಎದ್ದರೆ ಇನ್ನೊಬ್ಬರು ಕೂರಲಿ. ಯಾವ ಯಾವ ಕಾಗದ ಕಮ್ಮಿ ಎಂಬುದನ್ನು ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದುಕೊಡಲಿ. ದಿನಕ್ಕೊಂದು ನೆಪ ಬೇಡ. ಸಿಬ್ಬಂದಿ ಕೊರತೆ ಇದ್ದೀತು. ಚೀಟಿ ಬರೆಯಲು ಹೊಸ ನೇಮಕಾತಿ ಬೇಕಿಲ್ಲ.

ಅಂಗಡಿ ಬೀದಿಯವರೂ ಎದೆ ಮುಟ್ಟಿ ನೋಡಿಕೊಳ್ಳಲಿ. 'ಹಬ್ಬಕ್ಕೆ ಕೊಡ್ತೀನಿ' ಎಂದ ಟೈಲರ್, 'ಸಂಜೆ ರೆಡಿ' ಎಂದ ಮೆಕ್ಯಾನಿಕ್, ಇವರ ಬಾಯಲ್ಲೂ ಅದೇ ಮಂತ್ರ. ಆಗದ ಗಡುವು ಕೊಡುವುದಕ್ಕಿಂತ ಎರಡು ದಿನ ಹೆಚ್ಚಿಗೆ ಕೇಳಿ, ಹೇಳಿದ ದಿನ ಕೊಡುವುದು ಮರ್ಯಾದೆ.

ಅರ್ಜಿ ಕೊಟ್ಟವರು ಸಕಾಲ ಸಂಖ್ಯೆ ಪಡೆಯದೆ ಕೌಂಟರ್ ಬಿಡಬಾರದು. ಗಡುವು ದಾಟಿದರೆ 20 ರೂಪಾಯಿಯಾದರೂ ಕೇಳಲೇಬೇಕು. ದುಡ್ಡಿಗಲ್ಲ, ತಡವಾಯಿತೆಂಬುದು ದಾಖಲೆಗೆ ಬರಲಿ ಅಂತ.

ಆ ದೆವ್ವವಾದರೋ 'ನಾಳೆ ಬಾ' ಎಂದರೆ ಸುಮ್ಮನೆ ಹೋಗುತ್ತಿತ್ತು. ಅದಕ್ಕೆ ಅಂಗಡಿ ಬಾಗಿಲು ತೆರೆಯುವ ತಾಪತ್ರಯ ಇರಲಿಲ್ಲ!