ಗರಗಸ ಹಿಡಿಯಲು ನಾವಿದ್ದೇವೆ, ಹಾಗಂತ ನೌಕರರು ಬೇಡವೇ?

‘ಎಳೀರಿ, ತಳ್ಳಬೇಡಿ.’ ಇಬ್ಬರು ಹಿಡಿಯುವ ಗರಗಸದ ಮೊದಲ ಪಾಠ ಇದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಚಾರಣದ ಹಾದಿ ದುರಸ್ತಿ ಮಾಡುವ ಸ್ವಯಂಸೇವಕರ ತಂಡ ಸೇರಿದಾಗ ಕಲಿತೆ. 1964ರ ವೈಲ್ಡರ್ನೆಸ್ ಕಾಯ್ದೆಯ ರಕ್ಷಣೆಯಿರುವ ಕಾಡುಗಳಲ್ಲಿ ಸಾಮಾನ್ಯವಾಗಿ ಮೋಟಾರು ಗರಗಸ ನಿಷಿದ್ಧ. ಹಾದಿಗೆ ಅಡ್ಡ ಬಿದ್ದ ಮರವನ್ನು ಕೈಯಲ್ಲೇ ಕೊಯ್ಯಬೇಕು.

ಸುಲಭ ಅಂದ್ಕೊಂಡಿದ್ದೆ. ಆದರೆ ಎರಡೂ ತುದಿ ಊರಿಕೊಂಡು ನಡುವೆ ತೂಗುವ ದಿಮ್ಮಿಯ ಮೇಲ್ಭಾಗ ಒತ್ತಿಕೊಂಡಿರುತ್ತೆ. ಮೇಲಿಂದ ಕೊಯ್ತಾ ಹೋದರೆ ಸೀಳು ಮುಚ್ಚಿ ಗರಗಸ ಸಿಕ್ಕಿಬೀಳುತ್ತೆ, ಬೆಣೆ ಹೊಡೀಬೇಕು. ಇಳಿಜಾರಿನ ಕೆಳಗಡೆ ನಿಂತರೆ ದಿಮ್ಮಿ ನಮ್ಮ ಮೇಲೇ ಉರುಳಬಹುದು. ಅದಕ್ಕೇ ಅಲ್ಲಿನ ಅರಣ್ಯ ಸೇವೆಯ ಜಾಗದಲ್ಲಿ ಗರಗಸ ಬಳಸುವ ಸ್ವಯಂಸೇವಕರಿಗೂ ತರಬೇತಿ, ಪ್ರಮಾಣಪತ್ರ ಕಡ್ಡಾಯ.

2025ರ ಫೆಬ್ರವರಿಯಲ್ಲಿ ಟ್ರಂಪ್ ಸರ್ಕಾರ ಇದೇ ಅರಣ್ಯ ಸೇವೆಯ ಸಾವಿರಾರು ಪ್ರೊಬೇಷನರಿ ನೌಕರರನ್ನು ಮನೆಗೆ ಕಳಿಸಿತು. ಮಾರ್ಚ್‌ನಲ್ಲಿ ತಾತ್ಕಾಲಿಕವಾಗಿ ವಾಪಸ್ ತೆಗೆದುಕೊಳ್ಳುವಂತೆ ಆದೇಶ ಬಂದರೂ ಅನಿಶ್ಚಿತತೆ ಹೋಗಲಿಲ್ಲ.

‘ಸ್ವಯಂಸೇವಕರು ಇದ್ದಾರಲ್ಲ’ ಅನ್ನೋ ಮಾತು ನನಗೆ ಹೊಗಳಿಕೆಯಾಗಿ ಕೇಳಿಸಲ್ಲ. ನಾನು ಹೋಗೋದು ಶನಿವಾರ. ಮರ ಯಾವತ್ತು ಬೇಕಾದರೂ ಬೀಳುತ್ತೆ. ಯಾವ ಹಾದಿ ಮೊದಲು ತೆರವಾಗಬೇಕು, ಯಾವ ಮರ ನಮ್ಮಂಥವರು ಮುಟ್ಟಬಾರದು ಅಂತ ಹೇಳೋಕೆ ಆ ಕಾಡನ್ನು ವರ್ಷವಿಡೀ ನೋಡುವ, ಸಂಬಳ ಪಡೆಯುವ ಜನ ಬೇಕು. ನಮ್ಮ ಉಚಿತ ದುಡಿಮೆಯನ್ನೇ ತೋರಿಸಿ ಹುದ್ದೆ ಕಡಿತವನ್ನು ಸಮರ್ಥಿಸಿದರೆ, ನಮ್ಮ ಉತ್ಸಾಹವೇ ಇನ್ನೊಬ್ಬರ ಕೆಲಸಕ್ಕೆ ಕುತ್ತಾಗುತ್ತದೆ.

ಮುಂದಿನ ಶನಿವಾರವೂ ಹೋಗ್ತೀನಿ. ನೌಕರರ ಜತೆ ದುಡಿಯೋಕೆ, ಅವರ ಜಾಗ ತುಂಬೋಕಲ್ಲ.