ಮೂರೂವರೆ ಸಾವಿರ ರೂಪಾಯಿಯ ಶಾಸನ

ಮನೆಯ ಮಾಲೀಕನಿಗೂ ಬಾಡಿಗೆದಾರನಿಗೂ ನಡುವಣ ವ್ಯವಹಾರವು ನ್ಯಾಯದ ಮೇರೆಯೊಳಗೆ ನಡೆಯಬೇಕೆಂಬ ಉದ್ದೇಶದಿಂದ ನಮ್ಮ ವಿಧಾನಮಂಡಲವು ರಚಿಸಿದ ಕರ್ನಾಟಕ ಬಾಡಿಗೆ ಅಧಿನಿಯಮವು 1999ನೆಯ ಇಸವಿಯ ಹೆಸರನ್ನು ಹೊತ್ತು 2001ನೆಯ ಡಿಸೆಂಬರ್ 31ರಂದು ಜಾರಿಗೆ ಬಂದಿತು. ಬೆಂಗಳೂರು ಮೊದಲಾದ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೂ, ಉಳಿದೆಡೆಗಳಲ್ಲಿ 2,000 ರೂಪಾಯಿಗೂ ಮೀರಿದ ಬಾಡಿಗೆಯುಳ್ಳ ಮನೆಗಳಿಗೆ ಈ ಶಾಸನವು ಅನ್ವಯಿಸತಕ್ಕದ್ದಲ್ಲವೆಂದು ಅದರ ಆರಂಭದಲ್ಲಿಯೇ ವಿಧಿಸಲಾಗಿದೆ. ಆ ಕಾಲದಲ್ಲಿ ಮೂರೂವರೆ ಸಾವಿರ ರೂಪಾಯಿಗೆ ಒಬ್ಬ ಗುಮಾಸ್ತನೋ ಶಾಲೆಯ ಉಪಾಧ್ಯಾಯನೋ ಸಂಸಾರಸಮೇತನಾಗಿ ಮರ್ಯಾದೆಯಿಂದ ವಾಸಿಸಬಹುದಾದ ಮನೆ ದೊರೆಯುತ್ತಿತ್ತು. ಇಂದು ಅದೇ ಮೊಬಲಗಿಗೆ ರಾಜಧಾನಿಯ ಪಿ.ಜಿ.ಯೊಂದರಲ್ಲಿ ಮೂವರ ನಡುವೆ ಒಂದು ಮಂಚ ಸಿಕ್ಕಿದರೆ ಅದೇ ಭಾಗ್ಯ. ಬೆಲೆಗಳು ಏರಿದವು, ಸಂಬಳಗಳು ಏರಿದವು, ಶಾಸಕರ ಭತ್ಯೆಗಳೂ ಕಾಲಕಾಲಕ್ಕೆ ಏರಿದವು. ಶಾಸನದಲ್ಲಿ ಬರೆದ ಅಂಕಿ ಮಾತ್ರ ಬರೆದಲ್ಲಿಯೇ ನಿಂತಿತು.

ಇದರ ಪರಿಣಾಮವೇನೆಂದರೆ, ಬಾಡಿಗೆದಾರರ ರಕ್ಷಣೆಗೆಂದು ಹುಟ್ಟಿದ ಶಾಸನದ ಆಶ್ರಯವು ನಗರದ ಬಾಡಿಗೆದಾರರಲ್ಲಿ ಬಹುತೇಕರಿಗೆ ಇಲ್ಲವಾಗಿದೆ. ಅವರ ವ್ಯವಹಾರಗಳಿಗೆ ಅನ್ವಯಿಸುವುದು ಬ್ರಿಟಿಷರು 1882ರಲ್ಲಿ ಮಾಡಿದ ಸ್ವತ್ತು ಹಸ್ತಾಂತರಣ ಅಧಿನಿಯಮ. ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ತಿಂಗಳ ಬಾಡಿಗೆಯ ಮೇಲೆ ಮನೆ ಹಿಡಿದವನಿಗೆ 15 ದಿನಗಳ ನೋಟಿಸು ಕೊಟ್ಟು ಬಿಡಿಸಲು ಅದರಲ್ಲಿ ಅವಕಾಶವುಂಟು. ಮಕ್ಕಳ ಪರೀಕ್ಷೆ ಸಮೀಪಿಸಿರುವಾಗ ಹದಿನೈದು ದಿನಗಳಲ್ಲಿ ಮನೆ ಹುಡುಕಿ, ಮುಂಗಡ ಹೊಂದಿಸಿ, ಗ್ಯಾಸಿನ ವಿಳಾಸ ಬದಲಿಸಿ, ಸಾಮಾನು ಸಾಗಿಸುವುದೆಂದರೇನೆಂಬುದನ್ನು ಬಲ್ಲವರೇ ಬಲ್ಲರು.

ಹಾಗೆಂದ ಮಾತ್ರಕ್ಕೆ ಹಳೆಯ ಬಾಡಿಗೆ ನಿಯಂತ್ರಣದ ಕಾಲವನ್ನು ಮರಳಿ ಕರೆಯಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಎರಡನೆಯ ಮಹಾಯುದ್ಧದ ಕಾಲದ ವಸತಿಯ ಅಭಾವದಿಂದ ದೇಶದಾದ್ಯಂತ ತಲೆಯೆತ್ತಿದ ನಿಯಂತ್ರಣ ಪದ್ಧತಿಯು ನಮ್ಮಲ್ಲಿ 1951ರ ಮೈಸೂರು ಶಾಸನವಾಗಿ, ರಾಜ್ಯವು ಏಕೀಕೃತವಾದ ಮೇಲೆ 1961ರ ಬಾಡಿಗೆ ನಿಯಂತ್ರಣ ಅಧಿನಿಯಮವಾಗಿ ನಾಲ್ಕು ದಶಕಗಳ ಕಾಲ ಆಳಿತು. ಮನೆ ಖಾಲಿಯಾದರೆ ಮಾಲೀಕನು ಆ ಸಂಗತಿಯನ್ನು ನಿಯಂತ್ರಣಾಧಿಕಾರಿಗೆ ತಿಳಿಸಬೇಕಾಗಿತ್ತು. ಅದನ್ನು ಯಾರಿಗೆ ಕೊಡಬೇಕೆಂಬುದನ್ನು ಆ ಅಧಿಕಾರಿಯೇ ನಿರ್ಣಯಿಸಬಹುದಾಗಿತ್ತು. ಒಮ್ಮೆ ಒಳಹೊಕ್ಕ ಬಾಡಿಗೆದಾರನನ್ನು ಏಳಿಸಬೇಕಾದರೆ ತನಗೂ ತನ್ನ ಮಕ್ಕಳಿಗೂ ಆ ಮನೆ ನಿಜವಾಗಿಯೂ ಅವಶ್ಯಕವೆಂದು ಮಾಲೀಕನು ನ್ಯಾಯಾಲಯದಲ್ಲಿ ವರ್ಷಗಟ್ಟಲೆ ವಾದಿಸಿ ಸಾಬೀತುಪಡಿಸಬೇಕಾಗಿತ್ತು. ತಂದೆ ಹೂಡಿದ ವ್ಯಾಜ್ಯವನ್ನು ಮಗ ಮುಗಿಸಿದ ನಿದರ್ಶನಗಳು ವಕೀಲರಲ್ಲಿ ಯಾರನ್ನು ಕೇಳಿದರೂ ದೊರೆಯುತ್ತವೆ. ಬೆಂಗಳೂರು ಮೈಸೂರುಗಳ ಹಳೆಯ ಬಡಾವಣೆಗಳಲ್ಲಿದ್ದ ವಠಾರಗಳನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ: ಉದ್ದನೆಯ ಓಣಿಯಂಥ ಅಂಗಳ, ಅದರ ಎರಡು ಕಡೆಗೂ ಒಂದು ಹಜಾರ, ಒಂದು ಅಡಿಗೆಮನೆಯ ಪುಟ್ಟ ಪುಟ್ಟ ಬಿಡಾರಗಳು, ಎಲ್ಲರಿಗೂ ಸೇರಿ ಒಂದೇ ನಲ್ಲಿ, ಹಿತ್ತಿಲಿನಲ್ಲಿ ಎರಡು ಕಕ್ಕಸು, ನೀರು ಬರುವ ಹೊತ್ತಿಗೆ ಸಾಲಾಗಿ ನಿಂತ ಬಿಂದಿಗೆಗಳು. ಬಾಡಿಗೆ ಏರದೆ ನಿಂತಲ್ಲಿ ಹೆಂಚು ಬದಲಿಸುವ ಉತ್ಸಾಹ ಮಾಲೀಕನಿಗೆ ಉಳಿಯಲಿಲ್ಲ. ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ಪಾತ್ರೆಯಿಡುವ ಕೆಲಸ ಬಾಡಿಗೆದಾರನ ಪಾಲಿಗೆ ಬಂದಿತು. ನೆಲದ ಬೆಲೆ ಏರಿದ ಕೂಡಲೇ ಸಂಸಾರಗಳೊಂದಿಗೆ ಹೇಗೋ ರಾಜಿ ಮಾಡಿಕೊಂಡು ಎಷ್ಟೋ ವಠಾರಗಳನ್ನು ಕೆಡವಿದರು. ಅಗ್ಗದ ಬಾಡಿಗೆಯನ್ನು ಕಾಯ್ದುಕೊಳ್ಳಲು ಹೊರಟ ಶಾಸನವು ಅಗ್ಗದ ಮನೆಗಳನ್ನು ನಾಶಗೊಳಿಸಲು ತಾನೂ ಕೈಜೋಡಿಸಿತೆಂದು ಹೇಳಿದರೆ ತಪ್ಪಾಗಲಾರದು.

ಮುಂಬಯಿಯಲ್ಲಿ ಈ ದೋಷವು ಇನ್ನೂ ಉತ್ಕಟವಾಗಿದ್ದಿತು. ಅಲ್ಲಿಯ 1947ರ ಶಾಸನವು 1940ನೆಯ ಸೆಪ್ಟೆಂಬರ್ ಒಂದನೆಯ ತಾರೀಖಿನಂದಿದ್ದ ಬಾಡಿಗೆಯನ್ನೇ ಪ್ರಮಾಣವೆಂದು ಹಿಡಿದು ಅರ್ಧ ಶತಮಾನ ನಡೆಯಿತು. 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಟ್ಟುಪಾಡನ್ನು ಪರಿಶೀಲಿಸಿ, ಹುಟ್ಟಿದಾಗ ಯುಕ್ತವಾಗಿದ್ದ ವಿಧಿಯು ಕಾಲ ಸಂದಂತೆ ಅಯುಕ್ತವೂ ಸಮತೆಯ ತತ್ತ್ವಕ್ಕೆ ವಿರುದ್ಧವೂ ಆಗಬಲ್ಲುದೆಂದು ನಿರ್ಣಯಿಸಿತು. ಆಗ ಹೆಪ್ಪುಗಟ್ಟಿದ ಅಂಕಿಯಿಂದ ಪೆಟ್ಟು ತಿಂದವನು ಮಾಲೀಕ. ನಮ್ಮ ರಾಜ್ಯದ 3,500 ರೂಪಾಯಿಯೂ ಹೆಪ್ಪುಗಟ್ಟಿದ ಅಂಕಿಯೇ. ಪೆಟ್ಟು ಬೀಳುತ್ತಿರುವುದು ಈ ಬಾರಿ ಬಾಡಿಗೆದಾರನಿಗೆ ಎಂಬುದಷ್ಟೇ ವ್ಯತ್ಯಾಸ.

ಆ ಪೆಟ್ಟು ಬೆಂಗಳೂರಿನಲ್ಲಿ ಮುಂಗಡದ ರೂಪದಲ್ಲಿ ಬೀಳುತ್ತದೆ. ಹತ್ತು ತಿಂಗಳ ಬಾಡಿಗೆಯನ್ನು ಮೊದಲೇ ಕೊಡಬೇಕೆಂಬ ಇಲ್ಲಿಯ ರೂಢಿಯು ಯಾವ ಶಾಸನದಲ್ಲಿಯೂ ಇಲ್ಲ. ಆದರೂ ಶಾಸನಕ್ಕಿಂತ ಹೆಚ್ಚು ನಿಷ್ಠೆಯಿಂದ ಪಾಲಿಸಲ್ಪಟ್ಟಿತು. ಈಚೆಗೆ ಕೆಲವೆಡೆ ಅದು ಐದಾರು ತಿಂಗಳಿಗೆ ಇಳಿದಿದೆ, ನಿಜ. ತಿಂಗಳಿಗೆ 20,000 ರೂಪಾಯಿ ಬಾಡಿಗೆಯ ಮನೆಗೆ ಹತ್ತು ತಿಂಗಳ ಮುಂಗಡವೆಂದರೆ ಎರಡು ಲಕ್ಷ. ನೂರಕ್ಕೆ ಆರರ ಬಡ್ಡಿಯಂತೆ ಲೆಕ್ಕ ಹಾಕಿದರೂ ಬಾಡಿಗೆದಾರನು ವರ್ಷಕ್ಕೆ 12,000 ರೂಪಾಯಿ ಕಳೆದುಕೊಳ್ಳುತ್ತಾನೆ. ಸಾಲ ಮಾಡಿ ತಂದವನಾದರೆ ಇನ್ನೂ ಹೆಚ್ಚು. ಈ ಮುಂಗಡಕ್ಕೆ ಆಧಾರವೆಂದರೆ ಛಾಪಾ ಕಾಗದದ ಮೇಲೆ ಟೈಪು ಮಾಡಿದ ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಅಧಿನಿಯಮವು ಹೇಳುವುದರಿಂದ, ಆ ಖರ್ಚಿನಿಂದಲೂ ರಗಳೆಯಿಂದಲೂ ಪಾರಾಗಲೆಂದು ಹನ್ನೆರಡರಲ್ಲಿ ಒಂದನ್ನು ಕಳೆದ ಉಪಾಯವಿದು. ಮನೆ ಬಿಡುವ ದಿನ ಗೋಡೆಯ ಮೊಳೆಗಳನ್ನು ಎಣಿಸಿ, ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಂಡು, ಉಳಿದದ್ದನ್ನು ಹೊಸ ಬಾಡಿಗೆದಾರ ಬಂದ ಮೇಲೆ ಕೊಡುತ್ತೇನೆಂದು ಮಾಲೀಕನು ಹೇಳಿದರೆ, ಕೇಳಿದವನಿಗೆ ಹೋಗಲು ಯಾವ ಬಾಗಿಲೂ ಇಲ್ಲ. ಒಂದು ಲಕ್ಷಕ್ಕಾಗಿ ಸಿವಿಲ್ ದಾವೆ ಹೂಡುವವರಾರು?

ಮಾಲೀಕನನ್ನೇ ಖಳನಾಗಿ ಚಿತ್ರಿಸಿ ಸುಮ್ಮನಾಗುವುದು ಸುಲಭ. ಆದರೆ ನಮ್ಮ ನಗರಗಳಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿದವರಲ್ಲಿ ದೊಡ್ಡ ಕಂಪನಿಗಳಿಗಿಂತ ಹೆಚ್ಚಾಗಿ ಕಾಣುವವರು, ಮೂವತ್ತು–ನಲವತ್ತರ ನಿವೇಶನವೊಂದನ್ನು ಸಂಪಾದಿಸಿ, ನಿವೃತ್ತಿಯ ಹಣವನ್ನು ಸುರಿದು, ಕೆಳಗೆ ತಾವಿದ್ದು ಮೇಲಣ ಮಹಡಿಗಳ ಬಾಡಿಗೆಯನ್ನೇ ಪಿಂಚಣಿಯೆಂದು ನಂಬಿದ ಸಾಮಾನ್ಯ ಗೃಹಸ್ಥರು. ಬಾಡಿಗೆ ನಿಲ್ಲಿಸಿಯೂ ಮನೆ ಬಿಡದೆ ಕುಳಿತವನನ್ನು ಏಳಿಸಲು ಬೆಂಗಳೂರಿನ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ದಾವೆ, ಮೇಲೆ ಉಚ್ಚ ನ್ಯಾಯಾಲಯ, ನಡುವೆ ತಡೆಯಾಜ್ಞೆ, ವಾಯಿದೆಯ ಮೇಲೆ ವಾಯಿದೆ. ಅಷ್ಟರಲ್ಲಿ ಹತ್ತು ತಿಂಗಳ ಮುಂಗಡವು ಬಾಡಿಗೆಗೇ ಸಂದುಹೋಗಿರುತ್ತದೆ. ಆದಕಾರಣ ಮುಂಗಡದ ಹೆಚ್ಚಳವು ಕೇವಲ ದುರಾಸೆಯ ಫಲವಲ್ಲ. ಬಹುಮಟ್ಟಿಗೆ ನ್ಯಾಯವಿಳಂಬದ ಫಲ. ವಿಳಂಬವನ್ನು ಹಾಗೆಯೇ ಬಿಟ್ಟು ಮುಂಗಡಕ್ಕೆ ಮಾತ್ರ ಮಿತಿ ಹಾಕಿದರೆ ಆ ಹಣವು ರಸೀದಿಯಿಲ್ಲದೆ, ಮೇಜಿನ ಕೆಳಗೆ ಕೈ ಬದಲಾಯಿಸುವುದು.

ಮನೆ ಕೊಳ್ಳುವವನ ಸ್ಥಿತಿ ಬಾಡಿಗೆದಾರನದಕ್ಕಿಂತ ಮೇಲಾಗಿದೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ (ರೇರಾ) ಶಾಸನಕ್ಕೆ ನಮ್ಮ ರಾಜ್ಯವು 2017ರಲ್ಲಿ ನಿಯಮಗಳನ್ನು ರೂಪಿಸಿತು. 500 ಚದರ ಮೀಟರು ನೆಲವನ್ನೋ ಎಂಟು ಮನೆಗಳನ್ನೋ ಮೀರಿದ ಯೋಜನೆಯನ್ನು ಬಿಲ್ಡರ್ ನೋಂದಾಯಿಸಲೇಬೇಕು, ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ 70ರಷ್ಟನ್ನು ಆ ಯೋಜನೆಗೆಂದೇ ಪ್ರತ್ಯೇಕ ಖಾತೆಯಲ್ಲಿ ಇಡಲೇಬೇಕು. ರೇರಾ ಪ್ರಾಧಿಕಾರದ ಆದೇಶಗಳನ್ನು ವಸೂಲಿಗೆ ತರುವುದರಲ್ಲಿ ಕಂದಾಯ ಇಲಾಖೆಯ ನಡಿಗೆ ನಿಧಾನವೆಂಬ ದೂರು ಇದ್ದೇ ಇದೆ. ಆದರೂ ದೂರಲು ಒಂದು ಪೀಠವಾದರೂ ಉಂಟು. ಕೊಳ್ಳುವ ಶಕ್ತಿಯಿದ್ದವನಿಗೆ ದೊರೆತ ಪೀಠ ಆ ಶಕ್ತಿಯಿಲ್ಲದವನಿಗೆ ದೊರೆಯಲಿಲ್ಲವೆಂಬುದು ಸರಕಾರಕ್ಕೆ ಸಂಕೋಚ ಹುಟ್ಟಿಸಬೇಕಾದ ಸಂಗತಿ.

ಎಲ್ಲಕ್ಕಿಂತ ಅನಾಥವಾದದ್ದು ಭೋಗ್ಯದ ವ್ಯವಹಾರ. ಹತ್ತು ಹದಿನೈದು ಲಕ್ಷವನ್ನು ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಅಸಲನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆಯಬಹುದೆಂಬ ಆಶೆಯಿಂದ ಆಟೋ ಓಡಿಸುವವರೂ ಸಣ್ಣ ಅಂಗಡಿಯವರೂ ಊರಿನ ಹೊಲ ಮಾರಿ ಬಂದ ಹಣವನ್ನು ಇದರಲ್ಲಿ ತೊಡಗಿಸುತ್ತಾರೆ. ಆ ಮನೆಯ ಮೇಲೆ ಮೊದಲೇ ಸಾಲವಿದ್ದು ಕಂತು ನಿಂತರೆ, ಬ್ಯಾಂಕಿನವರು ಬಂದು ಬಾಗಿಲಿಗೆ ನೋಟಿಸು ಅಂಟಿಸಿದ ದಿನವೇ ಭೋಗ್ಯದಾರನಿಗೆ ಸಂಗತಿ ತಿಳಿಯುವುದು. ನೋಂದಣಿಯಿಲ್ಲದ ಅವನ ಕರಾರಿಗೆ ಬ್ಯಾಂಕಿನೆದುರು ಬಲವಿಲ್ಲ. ಭೋಗ್ಯಪತ್ರದ ನೋಂದಣಿಯನ್ನು ಅಲ್ಪ ಶುಲ್ಕಕ್ಕೆ ಕಡ್ಡಾಯಮಾಡಿ, ಋಣಭಾರ ಪತ್ರವನ್ನು ಅದಕ್ಕೆ ಲಗತ್ತಿಸಬೇಕೆಂದು ವಿಧಿಸಿದರೆ ಇಂಥ ವಂಚನೆಗಳು ಬಹಳಷ್ಟು ತಗ್ಗುವುವು.

ಕೇಂದ್ರ ಸಚಿವ ಸಂಪುಟವು 2021ನೆಯ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಅಧಿನಿಯಮವನ್ನು ಅಂಗೀಕರಿಸುವುದು ಬಿಡುವುದು ರಾಜ್ಯಗಳ ಇಚ್ಛೆ. ತಮಿಳುನಾಡಾದರೋ ಅದಕ್ಕೂ ಮುಂಚೆಯೇ, 2017ರಲ್ಲಿ, ಹೊಸ ಶಾಸನವನ್ನು ರಚಿಸಿಕೊಂಡಿತ್ತು. ಲಿಖಿತ ಕರಾರು ಇರಬೇಕು, ವಾಸದ ಮನೆಗೆ ಮುಂಗಡವು ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು, ನೀರು ವಿದ್ಯುತ್ತುಗಳನ್ನು ಕತ್ತರಿಸಿ ಬಾಡಿಗೆದಾರನನ್ನು ಹೊರದೂಡಬಾರದು ಎಂದು ಆ ಮಾದರಿಯು ಒಂದು ಕಡೆ ವಿಧಿಸಿ, ಮತ್ತೊಂದು ಕಡೆ ಅವಧಿ ಮುಗಿದ ಮೇಲೂ ಬಿಡದವನು ಮೊದಲ ಎರಡು ತಿಂಗಳು ಇಮ್ಮಡಿ, ಅನಂತರ ನಾಲ್ಮಡಿ ಬಾಡಿಗೆ ತೆರಬೇಕೆನ್ನುತ್ತದೆ. ಬಾಡಿಗೆ ಎಷ್ಟೆಂಬುದನ್ನು ಉಭಯರ ಒಪ್ಪಂದಕ್ಕೇ ಬಿಟ್ಟಿದೆ; ವಠಾರಗಳ ಗತಿಯನ್ನು ನೆನೆದರೆ ಇದು ವಿವೇಕದ ಮಾರ್ಗವೆಂದೇ ನನಗೆ ತೋರುತ್ತದೆ. ನಮ್ಮಲ್ಲಿ ಎರಡಕ್ಕೆ ಬದಲು ಮೂರು ತಿಂಗಳೆಂದರೂ ಆಕ್ಷೇಪವಿಲ್ಲ. ರೂಪಾಯಿಯ ಗೆರೆಯನ್ನು ಮಾತ್ರ ಅಳಿಸಿ ಎಲ್ಲ ವಾಸದ ಮನೆಗಳನ್ನೂ ಒಂದೇ ಶಾಸನದ ಕೆಳಗೆ ತರಬೇಕು.

ಮಾದರಿಯ ಒಂದು ಅಂಶವನ್ನು ಮಾತ್ರ ನಾವು ಯಥಾವತ್ತಾಗಿ ನಕಲು ಮಾಡಕೂಡದು. ಹಲವು ವಿವಾದಗಳು ಮೊದಲು ಉಪ ಜಿಲ್ಲಾಧಿಕಾರಿಯ ದರ್ಜೆಯ ಕಂದಾಯ ಅಧಿಕಾರಿಯ ಮುಂದೆ ಹೋಗಬೇಕೆಂದು ಅದು ಹೇಳುತ್ತದೆ. ಪಹಣಿ ತಿದ್ದುಪಡಿಯಿಂದ ಹಿಡಿದು ಚುನಾವಣೆಯವರೆಗಿನ ಹೊರೆಯನ್ನು ಹೊತ್ತು, ವಿಚಾರಣೆಯ ದಿನ ಸಚಿವರ ಪ್ರವಾಸಕ್ಕಾಗಿ ಕಚೇರಿಯನ್ನೇ ಬಿಟ್ಟು ಹೋಗಬೇಕಾದ ಅಧಿಕಾರಿಯಿಂದ ಬೇಗನೆ ತೀರ್ಪನ್ನು ನಿರೀಕ್ಷಿಸುವುದು ಹೇಗೆ? ಮನೆ ಬಿಡಿಸುವ ದಾವೆಗಳಲ್ಲಿ ಪಳಗಿದ ಲಘು ವ್ಯವಹಾರಗಳ ನ್ಯಾಯಾಧೀಶರು ಬೆಂಗಳೂರಿನಲ್ಲಿ ಈಗಾಗಲೇ ಇದ್ದಾರೆ. ಅವರ ಸಂಖ್ಯೆಯನ್ನು ಹೆಚ್ಚಿಸಿ, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಅಂಥವೇ ಪ್ರತ್ಯೇಕ ಪೀಠಗಳನ್ನು ತೆರೆದು, ಮುಂಗಡ ಮರಳಿಸುವ ತಕರಾರುಗಳನ್ನು ವಕೀಲರಿಲ್ಲದೆಯೇ ಕೇಳುವ ಏರ್ಪಾಡನ್ನು ಹೊಸ ವಿಧೇಯಕದಲ್ಲಿಯೇ ಬರೆದು, ಅದಕ್ಕೆ ಬೇಕಾದ ಹಣವನ್ನು ಅದೇ ವರ್ಷದ ಆಯವ್ಯಯದಲ್ಲಿ ತೆಗೆದಿರಿಸಬೇಕು.