ಐವತ್ತು ಕಿಲೋಮೀಟರಿನ ಪಯಣ



ಶಿರಸಿಯಿಂದ ಯಲ್ಲಾಪುರಕ್ಕೆ ಸುಮಾರು 50 ಕಿಲೋಮೀಟರು ಮಾತ್ರವಾದುದರಿಂದ ಒಂದು ತಾಸಿನ ಹಾದಿಯೆಂದೇ ಬಗೆದು, ಕಳೆದ ಶ್ರಾವಣದಲ್ಲಿ ಬಂಧುಗಳ ಮನೆಯ ಸತ್ಯನಾರಾಯಣ ಪೂಜೆಗೆಂದು ಬೆಳಗ್ಗೆ ಹತ್ತಕ್ಕೆ ಹೊರಟ ನಾವು, ಮಂಗಳಾರತಿ ಮುಗಿದು ಎರಡನೆಯ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಅಲ್ಲಿಗೆ ಮುಟ್ಟಿದೆವು. ಮಂಚಿಕೇರಿಯ ಈಚೆಗೆ ಮತ್ತಿಮರವೊಂದು ದಾರಿಗಡ್ಡವಾಗಿ ಒರಗಿತ್ತು. ಊರವರು ಕೊಡಲಿ ಗರಗಸಗಳೊಡನೆ ಬಂದು ಅದನ್ನು ತುಂಡರಿಸುವ ಪರ್ಯಂತ, ಕೆಳಗಿಳಿದು ನಿಂತ ತಪ್ಪಿಗೆ ಕಾಲಿಗೇರಿದ ಉಂಬಳಗಳಿಗೆ ಕವಳದ ಸಂಚಿಯ ಸುಣ್ಣ ಸವರುತ್ತ ಕಾಲಹರಣ ಮಾಡಿದೆವು.

ಮೊಬೈಲಿನ ನಕಾಶೆಯು ತೋರುವ ಅವಧಿಗೆ ಮಲೆನಾಡಿನ ಮಳೆಗಾಲದ ಪರಿಚಯವೇ ಇದ್ದಂತಿಲ್ಲ. ಮಾರ್ಗಮಧ್ಯೆ ಸಹಸ್ರಲಿಂಗವನ್ನೂ ನೋಡಿಬಿಡೋಣವೆಂಬ ಸಂಕಲ್ಪವುಳ್ಳವರಿಗೆ ಇನ್ನೊಂದು ಮಾತು: ಸೋದೆಯ ಅರಸು ಸದಾಶಿವರಾಯನು ಕೆತ್ತಿಸಿದನೆಂಬ ಆ ಲಿಂಗಗಳು ಶಾಲ್ಮಲಾ ನದಿಯ ಬಂಡೆಗಳ ಮೇಲಿರುವುದರಿಂದ, ಬೇಸಗೆಯ ಚಿತ್ರಗಳಿಗೆ ಮರುಳಾಗಿ ಶ್ರಾವಣದಲ್ಲಿ ಬರುವವರಿಗೆ ಕೆನ್ನೀರಿನ ಪ್ರವಾಹವಲ್ಲದೆ ಮತ್ತೇನೂ ಕಾಣಸಿಗದು. ಮಾಘ ಫಾಲ್ಗುಣಗಳೇ ಅದಕ್ಕೆ ಪ್ರಶಸ್ತ ಕಾಲ. ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ಹಾದಿಯಾದರೋ ಯಲ್ಲಾಪುರದ ಹಾದಿಗಿಂತ ಹ್ರಸ್ವವಾದುದು. ಆದರೆ ರಜಾದಿನಗಳಲ್ಲಿ ಜೋಗಕ್ಕೆ ಧಾವಿಸುವವರ ಅವಸರವನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯಲೇಬೇಕು.

ಮರ ಬಿದ್ದು ಮಾರ್ಗ ಮುಚ್ಚಿದ ವಾರ್ತೆಯನ್ನು ಊರು ಬಿಡುವ ಮುನ್ನವೇ ತಿಳಿಸುವ ಫಲಕವೊಂದನ್ನು ಮೂರೂ ಪಟ್ಟಣಗಳ ಹೊರವಲಯದಲ್ಲಿ ಇರಿಸಬೇಕೆಂದು ಸಂಬಂಧಪಟ್ಟವರಲ್ಲಿ ನನ್ನ ವಿನಂತಿ. ಪ್ರಯಾಣಿಕ ಮಿತ್ರರು ಅದುವರೆಗೆ ನಸುಕಿನಲ್ಲೇ ಹೊರಟು ಕತ್ತಲೆಗೆ ಮುನ್ನ ಮರಳುವುದು ಲೇಸು. ವಾಹನದಲ್ಲೊಂದು ಕತ್ತಿಯೂ ಇರಲಿ.


ಓರ್ವ ಓದುಗ, ಶಿರಸಿ